ಕಾಲಿನ ಉಬ್ಬಿದ ರಕ್ತನಾಳ: ಯಾವ ಡಾಕ್ಟರ ಹತ್ತಿರ ಹೋಗಬೇಕು, ಯಾವ ಚಿಕಿತ್ಸೆ ಆರಿಸಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಮಾರ್ಗದರ್ಶಿ

ವೆರಿಕೋಸ್ ವೇನ್, ಅಂದರೆ ಕಾಲಿನ ಉಬ್ಬಿದ ರಕ್ತನಾಳಕ್ಕೆ ಲೇಸರ್ ಮಾಡಿಸುವುದೋ, ಗ್ಲೂ ಹಾಕಿಸುವುದೋ, ಹಳೇ ಆಪರೇಷನ್ನೇ ಸಾಕೋ ಅಂತ ಜನ ಮೊದಲು ಕೇಳುತ್ತಾರೆ. ಅದಕ್ಕೂ ಮುಂಚೆ ಗೊತ್ತಾಗಬೇಕಾದ ಸಂಗತಿ ಒಂದಿದೆ. ಯಾವ ರಕ್ತನಾಳದ ಕವಾಟ ಸೋರುತ್ತಿದೆ, ಎಲ್ಲಿಂದ ಎಲ್ಲಿಯವರೆಗೆ? ಕಣ್ಣಿಗೆ ಕಾಣುವ ಗಂಟುಗಳನ್ನು ನೋಡಿ ಇದನ್ನು ಹೇಳಲು ಬರುವುದಿಲ್ಲ. ರೋಗಿಯನ್ನು ನಿಲ್ಲಿಸಿ ಮಾಡುವ ಕಲರ್ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾತ್ರ ಹೇಳುತ್ತದೆ. ಆ ಸ್ಕ್ಯಾನ್ ಸರಿಯಾಗಿ ಆಗಿ, ಅದನ್ನು ಬಿಡಿಸಿ ಹೇಳುವ ವೈದ್ಯರು ಸಿಕ್ಕರೆ ಚಿಕಿತ್ಸೆಯ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಒಳಗೆ ಆಗುವುದು ಇಷ್ಟು. ಕಾಲಿನ ರಕ್ತ ಹೃದಯದ ಕಡೆಗೆ ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ, ರಕ್ತನಾಳದೊಳಗಿನ ಕವಾಟಗಳು ಅದು ವಾಪಸ್ ಇಳಿಯದಂತೆ ತಡೆಯುತ್ತವೆ. ಕವಾಟ ಕೆಟ್ಟರೆ ನಿಂತಾಗಲೆಲ್ಲ ರಕ್ತ ಕೆಳಗಿಳಿದು ಚರ್ಮದ ಕೆಳಗಿನ ನಾಳಗಳಲ್ಲಿ ನಿಲ್ಲುತ್ತದೆ, ಅವು ಹಿಗ್ಗಿ ಹಾವಿನಂತೆ ಸುರುಳಿಯಾಗುತ್ತವೆ. ಬಹುತೇಕರಲ್ಲಿ ಕೆಡುವುದು ತೊಡೆಸಂದಿಯಿಂದ ಕಾಲಿನ ಒಳಬದಿಯಲ್ಲಿ ಹರಡಿನವರೆಗೆ ಇಳಿಯುವ ಗ್ರೇಟ್ ಸಫೀನಸ್ ರಕ್ತನಾಳ. ಡಾಕ್ಟರುಗಳು ಇದನ್ನು ಜಿಎಸ್‌ವಿ ಅನ್ನುತ್ತಾರೆ. ಕೆಲವರಲ್ಲಿ ಮೊಣಕಾಲಿನ ಹಿಂದಿನಿಂದ ಇಳಿಯುವ ಸ್ಮಾಲ್ ಸಫೀನಸ್, ಅಂದರೆ ಎಸ್‌ಎಸ್‌ವಿ ಕೆಟ್ಟಿರುತ್ತದೆ. ಮೇಲಿನ ತೂಬು ಸೋರುತ್ತಿರುವಾಗ ಕೆಳಗಿನ ಗದ್ದೆಯ ನೀರನ್ನಷ್ಟೇ ಎತ್ತಿ ಹಾಕಿದರೆ ಏನಾಗುತ್ತದೆ ಅಂತ ತುಂಗಭದ್ರಾ ಕಾಲುವೆ ಕೆಳಗಿನ ರೈತರಿಗೆ ಹೇಳಬೇಕಾಗಿಲ್ಲ. ಕಾಣುವ ಗಂಟನ್ನು ಮಾತ್ರ ತೆಗೆಸಿಕೊಂಡವರಿಗೆ ಮತ್ತೆ ಗಂಟು ಬರುವುದು ಇದೇ ಕಾರಣಕ್ಕೆ.

ಮೊದಲು: ಇದು ವೆರಿಕೋಸ್ ಹೌದೋ ಅಲ್ಲವೋ

ಸಂಜೆ ಹೊತ್ತಿಗೆ ಕಾಲು ಭಾರ, ಜೋಮು, ಹರಡಿನ ಸುತ್ತ ಬಾವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ತುರಿಕೆ. ಕಾಲು ಮೇಲೆತ್ತಿ ಮಲಗಿದರೆ, ಸ್ವಲ್ಪ ನಡೆದಾಡಿದರೆ ಆರಾಮ. ಲಕ್ಷಣಗಳು ಈ ನಮೂನೆಯಲ್ಲಿದ್ದರೆ ವೆರಿಕೋಸ್ ಇರಬಹುದು. ನಡೆದಷ್ಟೂ ನೋವು ಹೆಚ್ಚಾಗಿ, ನಿಂತರೆ ಕಡಿಮೆಯಾದರೆ ಅದು ಕಾಲಿಗೆ ಶುದ್ಧ ರಕ್ತ ತರುವ ನಾಳದ, ಅಂದರೆ ಆರ್ಟರಿಯ ತೊಂದರೆಯಾಗಿರಬಹುದು. ಬೀಡಿ, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಎರಡೂ ಕಾಲು ಸಮನಾಗಿ ಬಾತಿದ್ದರೆ ಕಿಡ್ನಿ, ಹೃದಯ, ಲಿವರ್ ನೋಡಿಸಿ. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಆ ಮಾತ್ರೆಯಿಂದಲೇ ಹರಡಿನಲ್ಲಿ ಬಾವು ಬರಬಹುದು. ಪಾದದ ಮೇಲ್ಭಾಗ, ಬೆರಳುಗಳೂ ಸೇರಿ ಗಟ್ಟಿಯಾಗಿ ಬಾತಿದ್ದರೆ ಆನೆಕಾಲಿನ ಅನುಮಾನ. ರಾಯಚೂರು, ಕಲಬುರಗಿ ಭಾಗದಲ್ಲಿ ಆನೆಕಾಲು ಹೊಸದೇನಲ್ಲ. ಅದಕ್ಕೆ ಲೇಸರ್ ಮಾಡಿಸಿ ಉಪಯೋಗವಿಲ್ಲ.

ಎಷ್ಟು ಅವಸರ?

ವೈದ್ಯರು ಕಾಯಿಲೆಯನ್ನು ಸಿ1ರಿಂದ ಸಿ6ರವರೆಗೆ ಗುರುತಿಸುತ್ತಾರೆ. ಸಿ1 ಅಂದರೆ ಜೇಡರ ಬಲೆಯಂಥ ಸಣ್ಣ ನೀಲಿ, ಕೆಂಪು ಗೆರೆಗಳು. ಸಿ2 ಅಂದರೆ 3 ಮಿ.ಮೀ.ಗಿಂತ ದಪ್ಪಗೆ ಉಬ್ಬಿದ ನಾಳ. ಸಿ3 ಬಾವು. ಸಿ4 ಅಂದರೆ ಹರಡಿನ ಮೇಲೆ ಚರ್ಮ ಕಪ್ಪಾಗುವುದು, ಎಸ್ಜಿಮಾ ಆಗುವುದು ಅಥವಾ ಮರದಂತೆ ಗಟ್ಟಿಯಾಗುವುದು. ಸಿ5 ವಾಸಿಯಾದ ಹುಣ್ಣು, ಸಿ6 ಬಾಯಿ ತೆರೆದ ಹುಣ್ಣು. ನಿಮ್ಮದು ಯಾವ ಹಂತ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಸಿ1ಕ್ಕೆ ಚಿಕಿತ್ಸೆ ಅಂದಕ್ಕಾಗಿ ಮಾತ್ರ. ಮಾಡಿಸದಿದ್ದರೂ ನಡೆಯುತ್ತದೆ, ಸಾಲ ಮಾಡಿ ಮಾಡಿಸುವಂಥದ್ದಂತೂ ಅಲ್ಲ. ಸಿ2 ಇದ್ದು ನೋವು, ಭಾರ ಏನೂ ಇಲ್ಲದಿದ್ದರೆ ಕಾಯಬಹುದು. ನೋವಿದ್ದರೆ ನಿಮ್ಮ ಅನುಕೂಲ ನೋಡಿ ಕೆಲವು ತಿಂಗಳೊಳಗೆ ಮಾಡಿಸಿ. ಚರ್ಮ ಕಪ್ಪಾಗಲು ಶುರುವಾಗಿದ್ದರೆ ಮುಂದೂಡಬೇಡಿ, ಮುಂದಿನ ಹೆಜ್ಜೆ ಹುಣ್ಣು. ಹುಣ್ಣಾಗಿದ್ದರೆ ಎರಡು ವಾರದೊಳಗೆ ತಜ್ಞರು ನೋಡಬೇಕು.

ಈ ಮೂರು ಸಂದರ್ಭಗಳಲ್ಲಿ ಮಾತ್ರ ಅಪಾಯಿಂಟ್‌ಮೆಂಟ್ ಅಂತ ಕಾಯುವ ಹಾಗಿಲ್ಲ.

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ ತಕ್ಷಣ ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ರಕ್ತ ಬರುವ ಜಾಗದ ಮೇಲೆ ಮಡಚಿದ ಸ್ವಚ್ಛ ಬಟ್ಟೆ ಇಟ್ಟು ಬೆರಳಿನಿಂದ ಒತ್ತಿ. ಕನಿಷ್ಠ 10 ನಿಮಿಷ ನಡುವೆ ತೆಗೆದು ನೋಡಬೇಡಿ. ಗಾಬರಿಯಲ್ಲಿ ಜನ ಮೊಣಕಾಲಿನ ಮೇಲೆ ಟವೆಲ್ಲೋ ಹಗ್ಗವೋ ಬಿಗಿಯುತ್ತಾರೆ. ಅದರಿಂದ ಮೇಲೆ ಹೋಗುವ ದಾರಿ ಮುಚ್ಚಿ ರಕ್ತ ಇನ್ನೂ ಹೆಚ್ಚು ಸುರಿಯುತ್ತದೆ. ರಕ್ತ ನಿಂತ ಮೇಲೆ ಬಿಗಿಯಾಗಿ ಪಟ್ಟಿ ಸುತ್ತಿ, ಕಾಲು ಎತ್ತಿಟ್ಟುಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ 108ಕ್ಕೆ ಫೋನ್ ಮಾಡಿ.

ಒಂದೇ ಕಾಲು ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಬಾತು, ಮೀನಖಂಡ ಬಿಗಿದು ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ಹೆಪ್ಪು, ಅಂದರೆ ಡಿವಿಟಿ ಆಗಿರಬಹುದು. ಅವತ್ತೇ ಡಾಪ್ಲರ್ ಆಗಬೇಕು. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಅದರ ಜೊತೆ ಉಸಿರುಗಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ನೇರ ಎಮರ್ಜೆನ್ಸಿಗೆ ಹೋಗಿ. ಇನ್ನು ಉಬ್ಬಿದ ನಾಳವೇ ಕೆಂಪಾಗಿ, ಹಗ್ಗದಂತೆ ಗಟ್ಟಿಯಾಗಿ ಸುಡುತ್ತಿದ್ದರೆ ಅದು ಮೇಲಿನ, ಅಂದರೆ ಚರ್ಮದ ಕೆಳಗಿನ ನಾಳದ ಹೆಪ್ಪು. ಅಷ್ಟು ಭಯವಿಲ್ಲ. ಆದರೆ ತೊಡೆಸಂದಿಯ ಕಡೆಗೆ ಏರುತ್ತಿದ್ದರೆ ತಡಮಾಡಬೇಡಿ.

ಮೊದಲ ಚೀಟಿ ಯಾರ ಹತ್ತಿರ

"ಕಾಲಾಗ ನರ ಉಬ್ಬ್ಯಾವ" ಅಂತ ನರರೋಗ ತಜ್ಞರ ಚೀಟಿ ಮಾಡಿಸಿ ಅರ್ಧ ದಿನ ಕಾಯುವವರಿದ್ದಾರೆ. ಇದು ಅವರ ವಿಭಾಗವಲ್ಲ. ಮೂಳೆ ಡಾಕ್ಟರದೂ ಅಲ್ಲ, ಚರ್ಮದ ಡಾಕ್ಟರದೂ ಅಲ್ಲ.

ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳಲ್ಲಿ ಜನರಲ್ ಸರ್ಜರಿ ಓಪಿಡಿಗೆ ಹೋಗಿ. ಪರೀಕ್ಷೆ, ಡಾಪ್ಲರ್, ಮುಂದಕ್ಕೆ ಕಳಿಸುವ ರೆಫರಲ್ ಚೀಟಿ ಎಲ್ಲಕ್ಕೂ ಅದೇ ಬಾಗಿಲು. ಚಿಕಿತ್ಸೆ ಕೊಡುವವರು ಮೂರು ಬಗೆ. ವ್ಯಾಸ್ಕುಲರ್ ಸರ್ಜನ್ ಅಂದರೆ ಎಂ.ಎಸ್. ಆದ ಮೇಲೆ ಎಂ.ಸಿಎಚ್. ಅಥವಾ ಡಿಆರ್‌ಎನ್‌ಬಿ ಮಾಡಿ ರಕ್ತನಾಳದ್ದೇ ಕೆಲಸ ಕಲಿತವರು. ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಅಂದರೆ ಸ್ಕ್ಯಾನ್ ನೋಡುತ್ತ ಸೂಜಿ, ತಂತಿಗಳಿಂದ ಚಿಕಿತ್ಸೆ ಮಾಡುವ ತರಬೇತಿ ಪಡೆದವರು. ಮೂರನೆಯವರು ವೆರಿಕೋಸ್ ಕೆಲಸವನ್ನು ನಿತ್ಯ ಮಾಡುವ ಜನರಲ್ ಸರ್ಜನ್.

ಸಾದಾ ಜಿಎಸ್‌ವಿ ಸೋರಿಕೆ ಇದ್ದವರಿಗೆ ಪದವಿಗಿಂತ ಅವರು ಈ ಕೆಲಸವನ್ನು ಎಷ್ಟು ಸಲ ಮಾಡುತ್ತಾರೆ ಎಂಬುದು ಮುಖ್ಯ. ವಾರಕ್ಕೆ ಎರಡು ಮೂರು ಕಾಲು ಮಾಡುವ ಜನರಲ್ ಸರ್ಜನ್, ತಿಂಗಳಿಗೊಂದು ಮಾಡುವ ದೊಡ್ಡ ಪದವಿಯವರಿಗಿಂತ ವಾಸಿ. ಆದರೆ ನಾಲ್ಕು ತೊಡಕುಗಳಿಗೆ ವ್ಯಾಸ್ಕುಲರ್ ಸರ್ಜನ್ನರೇ ಬೇಕು: ಹಿಂದೆ ಡಿವಿಟಿ ಆಗಿದ್ದರೆ, ಆಪರೇಷನ್ ಆದ ಮೇಲೆ ಮತ್ತೆ ಬಂದಿದ್ದರೆ, ವಾಸಿಯಾಗದ ಹುಣ್ಣಿದ್ದರೆ, ಪಾದದಲ್ಲಿ ನಾಡಿ ಸರಿಯಾಗಿ ಸಿಗದಿದ್ದರೆ. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ವ್ಯಾಸ್ಕುಲರ್ ಸರ್ಜರಿ ವಿಭಾಗವಿದೆ. ಕೊಪ್ಪಳದವರು ಹುಬ್ಬಳ್ಳಿ-ಧಾರವಾಡಕ್ಕೆ, ರಾಯಚೂರಿನವರು ಹೈದರಾಬಾದಿಗೆ ಹೋಗುವುದು ರೂಢಿ. ಡಾಕ್ಟರ ನೋಂದಣಿ ಇದೆಯೋ ಇಲ್ಲವೋ ಅಂತ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳಬಹುದು.

ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳಿಗೆ ದೊಡ್ಡ ಊರಿನ ತಜ್ಞರು ವಾರಕ್ಕೋ ಹದಿನೈದು ದಿನಕ್ಕೋ ಬಂದು ಹೋಗುತ್ತಾರೆ. ಇದು ಒಳ್ಳೆಯ ಅನುಕೂಲವೇ. ಒಂದೇ ಪ್ರಶ್ನೆ ಕೇಳಿಕೊಳ್ಳಿ: "ನೀವು ಹೋದ ಮೇಲೆ ನನಗೆ ಕಾಲು ಬಾತರೆ ಇಲ್ಲಿ ಯಾರು ನೋಡ್ತಾರ್ರೀ, ಡಾಪ್ಲರ್ ಅವತ್ತೇ ಆಗ್ತದೇನ್ರೀ?" ಹೆಸರು ಹಿಡಿದು ಉತ್ತರ ಬಂದರೆ ಸರಿ.

ಡಾಪ್ಲರ್: ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆ

ಈ ಸ್ಕ್ಯಾನಿಗೆ ಸೂಜಿ ಇಲ್ಲ, ಉಪವಾಸ ಬೇಕಿಲ್ಲ. ಸರಿಯಾಗಿ ಮಾಡಿದರೆ ಒಂದು ಕಾಲಿಗೆ ಸುಮಾರು 20 ನಿಮಿಷ ಬೇಕು. ಹೆಣ್ಣುಮಕ್ಕಳು ತೊಡೆಸಂದಿಯವರೆಗೆ ಸರಿಸಬಹುದಾದ ಸಡಿಲ ಬಟ್ಟೆ ಹಾಕಿಕೊಂಡು ಹೋದರೆ ಮುಜುಗರ ಕಡಿಮೆ.

ಕೆಲಸ ಕೆಡುವುದು ಎಲ್ಲಿ ಅಂದರೆ, ರೋಗಿಯನ್ನು ಮಲಗಿಸಿ ಐದು ನಿಮಿಷದಲ್ಲಿ ಮುಗಿಸುವುದರಲ್ಲಿ. ಮಲಗಿದಾಗ ನಾಳ ಕುಗ್ಗುತ್ತದೆ, ಸೋರಿಕೆ ಕಾಣುವುದಿಲ್ಲ, ರಿಪೋರ್ಟು "ನಾರ್ಮಲ್" ಅಂತ ಬರುತ್ತದೆ. ಆಳದ ನಾಳದಲ್ಲಿ ಹೆಪ್ಪಿದೆಯೇ ಅಂತ ನೋಡಲು ಮಲಗಿಸಬಹುದು, ಆದರೆ ಕವಾಟ ಪರೀಕ್ಷಿಸಲು ನಿಲ್ಲಿಸಲೇಬೇಕು. ಆ ಕಾಲಿನ ಮೇಲೆ ಭಾರ ಹಾಕದೆ ಇನ್ನೊಂದು ಕಾಲಿನ ಮೇಲೆ ನಿಂತಿರಬೇಕು. ಮೀನಖಂಡವನ್ನು ಕೈಯಿಂದ ಹಿಂಡಿ ಬಿಟ್ಟು, ರಕ್ತ ಎಷ್ಟು ಹೊತ್ತು ಹಿಂದಕ್ಕೆ ಹರಿಯುತ್ತದೆ ಅಂತ ಅಳೆಯುತ್ತಾರೆ. ಮೇಲಿನ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ತೊಡೆಯ ಮತ್ತು ಮೊಣಕಾಲು ಹಿಂದಿನ ಆಳದ ನಾಳಗಳಿಗೆ ಆ ಮಿತಿ ಒಂದು ಸೆಕೆಂಡು.

ಒಳ್ಳೆಯ ರಿಪೋರ್ಟು ಉದಾಹರಣೆಗೆ ಹೀಗಿರುತ್ತದೆ: "ಬಲಗಾಲು, ನಿಂತ ಸ್ಥಿತಿ. ಆಳದ ನಾಳಗಳು ಒತ್ತಿದರೆ ಪೂರ್ತಿ ಮುಚ್ಚುತ್ತವೆ, ಹೆಪ್ಪಿಲ್ಲ. ತೊಡೆಸಂದಿಯ ಜೋಡಣೆಯಲ್ಲಿ ಹಿಮ್ಮುಖ ಹರಿವು 2.8 ಸೆಕೆಂಡು. ಜಿಎಸ್‌ವಿ ಅಗಲ ಮೇಲ್ತೊಡೆಯಲ್ಲಿ 8 ಮಿ.ಮೀ., ಮೊಣಕಾಲಿನಲ್ಲಿ 6 ಮಿ.ಮೀ., ಮೊಣಕಾಲಿನ ಕೆಳಗೆ ಒಂದು ಗೇಣಿನವರೆಗೆ ಸೋರಿಕೆ. ಎಸ್‌ಎಸ್‌ವಿ ಸರಿ ಇದೆ. ಒಳಬದಿಯಲ್ಲಿ ಹಿಮ್ಮಡಿಯಿಂದ 14 ಸೆಂ.ಮೀ. ಮೇಲೆ 4 ಮಿ.ಮೀ. ಪರ್ಫೊರೇಟರ್, ಸೋರುತ್ತಿದೆ." ಪರ್ಫೊರೇಟರ್ ಅಂದರೆ ಮೇಲಿನ ನಾಳವನ್ನು ಆಳದ ನಾಳಕ್ಕೆ ಸೇರಿಸುವ ಕೊಂಡಿ ನಾಳ. ಈ ರಿಪೋರ್ಟಿನಲ್ಲಿ ಜಾಗ ಇದೆ, ಅಳತೆ ಇದೆ, ಸೆಕೆಂಡು ಇದೆ, ಆಳದ ನಾಳದ ಮಾತಿದೆ. "ಎರಡೂ ಕಾಲಿನಲ್ಲಿ ವೆರಿಕೋಸ್ ವೇನ್, ಪರ್ಫೊರೇಟರ್ ಇನ್‌ಕಾಂಪಿಟೆಂಟ್" ಅಂತ ಒಂದೇ ಸಾಲು ಬರೆದ ರಿಪೋರ್ಟು ಹಿಡಿದು ಆಪರೇಷನ್ ನಿರ್ಧರಿಸಲು ಆಗುವುದಿಲ್ಲ. ಅಂಥದ್ದು ಬಂದರೆ ಮತ್ತೊಮ್ಮೆ ಮಾಡಿಸಿ. ಆ ಖರ್ಚು ತಪ್ಪು ಆಪರೇಷನ್ನಿನ ಮುಂದೆ ಏನೂ ಅಲ್ಲ.

ಆಳದ ನಾಳದ ಸಾಲನ್ನು ಮೊದಲು ಓದಿ. ಹಳೆಯ ಹೆಪ್ಪಿನಿಂದ ಆಳದ ದಾರಿ ಮುಚ್ಚಿದ್ದರೆ, ಮೇಲಿನ ಉಬ್ಬಿದ ನಾಳವೇ ರಕ್ತ ವಾಪಸ್ ಹೋಗಲು ಉಳಿದಿರುವ ಬಳಸುದಾರಿ ಆಗಿರಬಹುದು. ಅದನ್ನೂ ಮುಚ್ಚಿಸಿದರೆ ಕಾಲಿನ ಬಾವು ಹೆಚ್ಚುತ್ತದೆ.

ಡಾಕ್ಟರ ಮುಂದೆ ಕೇಳಬೇಕಾದದ್ದು

ನನ್ನ ಯಾವ ನಾಳ ಕೆಟ್ಟಿದೆ, ಸ್ಕ್ಯಾನಿನಲ್ಲಿ ತೋರಿಸುತ್ತೀರಾ? ನನಗೆ ಯಾವ ಯಾವ ವಿಧಾನ ಹೊಂದುತ್ತದೆ, ನೀವು ಹೇಳಿದ್ದನ್ನು ಯಾಕೆ ಆರಿಸಿದಿರಿ? ತಿಂಗಳಿಗೆ ಇಂಥವು ಎಷ್ಟು ಮಾಡುತ್ತೀರಿ? ಮಾಡುವಾಗ ಸ್ಕ್ಯಾನ್ ಹಿಡಿಯುವವರು ನೀವೋ ಬೇರೆಯವರೋ? ಗಂಟುಗಳನ್ನು ಅವತ್ತೇ ತೆಗೆಯುತ್ತೀರೋ, ಆಮೇಲೋ, ಅದಕ್ಕೆ ಬೇರೆ ದುಡ್ಡೋ? ಒಂದು ವಾರಕ್ಕೆ ಡಾಪ್ಲರ್ ಮಾಡುತ್ತೀರಾ? ಬೇಜಾರಿಲ್ಲದೆ ಉತ್ತರ ಕೊಡುವವರ ಹತ್ತಿರ ನಿಲ್ಲಿ.

ಕಾಲು ನೋಡಿದ ಕೂಡಲೆ, ಸ್ಕ್ಯಾನಿಗೂ ಮೊದಲೇ ಲೇಸರ್ ದಿನಾಂಕ ಕೊಟ್ಟರೆ ಎದ್ದು ಬನ್ನಿ. ತಮ್ಮಲ್ಲಿರುವ ಒಂದೇ ಯಂತ್ರವನ್ನು ಎಲ್ಲರಿಗೂ ಹೇಳುವುದು, ತೊಂದರೆಯೇ ಇಲ್ಲದ ಎರಡನೇ ಕಾಲನ್ನೂ "ಒಟ್ಟಿಗೇ ಮಾಡಿಬಿಡೋಣ" ಅನ್ನುವುದು, "ಜೀವನಪೂರ್ತಿ ಗ್ಯಾರಂಟಿ" ಕೊಡುವುದು, ಇವೆಲ್ಲ ಎಚ್ಚರಿಕೆಯ ಗುರುತುಗಳು. ಯಾವ ವಿಧಾನದಲ್ಲೂ ಕೆಲವರಿಗೆ ವರ್ಷಗಳ ನಂತರ ಹೊಸ ನಾಳ ಉಬ್ಬುತ್ತದೆ. ಮೊದಲೇ ಅದನ್ನು ಹೇಳುವ ವೈದ್ಯರು ಪ್ರಾಮಾಣಿಕರು.

ಚಿಕಿತ್ಸೆಗಳು, ಒಂದೊಂದರ ಗುಣ ಮತ್ತು ದೋಷ

ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿಯ ಕ್ರಮ ಹೀಗಿದೆ: ಮೊದಲು ಶಾಖದಿಂದ ಮುಚ್ಚುವ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ, ಅದು ಹೊಂದದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್. ನಮ್ಮ ಕಡೆ ಹಣ, ದೂರ, ಕಾರ್ಡಿನ ಲೆಕ್ಕ ಸೇರಿ ಈ ಕ್ರಮ ಬದಲಾಗಬಹುದು. ಅದರಲ್ಲಿ ತಪ್ಪಿಲ್ಲ.

ಲೇಸರ್ ಮತ್ತು ರೇಡಿಯೋಫ್ರೀಕ್ವೆನ್ಸಿ ಎರಡರ ತತ್ವವೂ ಒಂದೇ. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ನಾಳದೊಳಗೆ ತೆಳು ತಂತಿಯನ್ನು ತೊಡೆಸಂದಿಯವರೆಗೆ ಏರಿಸಿ, ಬಿಸಿ ಮಾಡುತ್ತ ಕೆಳಗೆ ಎಳೆಯುತ್ತಾರೆ. ನಾಳ ಸುಟ್ಟು ಮುಚ್ಚಿಕೊಳ್ಳುತ್ತದೆ, ತಿಂಗಳುಗಳಲ್ಲಿ ಕರಗುತ್ತದೆ. ರಕ್ತ ಆಳದ ನಾಳಗಳಲ್ಲಿ ಮೇಲೇರುತ್ತದೆ, ಆದ್ದರಿಂದ ಕಾಲಿಗೆ ಕೊರತೆಯಾಗುವುದಿಲ್ಲ. ರೇಡಿಯೋಫ್ರೀಕ್ವೆನ್ಸಿಯಲ್ಲಿ 7 ಸೆಂ.ಮೀ. ತುಂಡನ್ನು 120 ಡಿಗ್ರಿಗೆ 20 ಸೆಕೆಂಡು ಕಾಯಿಸಿ ಮುಂದಿನ ತುಂಡಿಗೆ ಬರುತ್ತಾರೆ. ಲೇಸರ್ ಆದರೆ ತರಂಗಾಂತರ ಕೇಳಿ. 1470 ನ್ಯಾನೋಮೀಟರ್ ಯಂತ್ರದಲ್ಲಿ ನೋವು, ಕಂದುವಿಕೆ ಹಳೆಯ 810, 980ಕ್ಕಿಂತ ಕಡಿಮೆ. ಎರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ವೈದ್ಯರ ಕೈಗೆ ಯಾವುದು ಪಳಗಿದೆಯೋ ಅದೇ ಒಳ್ಳೆಯದು.

ಕೆಲಸದ ಗುಟ್ಟು ಇರುವುದು ನಾಳದ ಸುತ್ತ ತುಂಬುವ ನೀರಿನಲ್ಲಿ. ಸಲೈನ್, ಲಿಗ್ನೊಕೇನ್, ಅಡ್ರಿನಲಿನ್ ಸೇರಿಸಿದ ದ್ರವವನ್ನು ಸ್ಕ್ಯಾನ್ ನೋಡುತ್ತ ನಾಳದ ಉದ್ದಕ್ಕೂ ಚುಚ್ಚಿ ತುಂಬುತ್ತಾರೆ. ಅದು ನೋವು ತಡೆಯುತ್ತದೆ, ನಾಳವನ್ನು ತಂತಿಗೆ ಅಂಟುವಂತೆ ಒತ್ತುತ್ತದೆ, ಚರ್ಮ ಮತ್ತು ನರವನ್ನು ಬಿಸಿಯಿಂದ ದೂರ ಇಡುತ್ತದೆ. ಇದರಲ್ಲಿ ಜಿಪುಣತನ ಮಾಡಿದರೆ ಚರ್ಮ ಸುಡುತ್ತದೆ, ಅಥವಾ ಕಾಲಿನ ಒಳಬದಿ ತಿಂಗಳುಗಟ್ಟಲೆ ಜೋಮು ಹಿಡಿಯುತ್ತದೆ. ಇನ್ನೊಂದು ಸೂಕ್ಷ್ಮ ತೊಡೆಸಂದಿಯಲ್ಲಿದೆ. ತಂತಿಯ ತುದಿ ಆಳದ ನಾಳದ ಜೋಡಣೆಗಿಂತ ಸುಮಾರು 2 ಸೆಂ.ಮೀ. ಕೆಳಗೆ ನಿಲ್ಲಬೇಕು. ಹತ್ತಿರವಾದರೆ ಹೆಪ್ಪು ಆಳದ ನಾಳಕ್ಕೆ ಚಾಚಬಹುದು. ಒಂದು ವಾರದೊಳಗಿನ ಡಾಪ್ಲರ್ ಅದನ್ನು ಹಿಡಿಯಲಿಕ್ಕೇ.

ಗ್ಲೂ ಅಂದರೆ ಸಯನೊಆಕ್ರಿಲೇಟ್ ಎಂಬ ಅಂಟಿನಿಂದ ನಾಳ ಮುಚ್ಚುವುದು. ಬಿಸಿ ಇಲ್ಲ, ಉದ್ದಕ್ಕೂ ಸೂಜಿ ಚುಚ್ಚುವುದಿಲ್ಲ, ನರಕ್ಕೆ ಪೆಟ್ಟು ಬೀಳುವ ಭಯ ಕಡಿಮೆ. ಸಾಮಾನ್ಯವಾಗಿ ಆಮೇಲೆ ಸ್ಟಾಕಿಂಗ್, ಅಂದರೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ, ಕಡ್ಡಾಯವಲ್ಲ, ನಮ್ಮ ಬಿಸಿಲಿಗೆ ಇದು ಸಣ್ಣ ಲಾಭವಲ್ಲ. ಆದರೆ ದುಬಾರಿ. ಅಂಟು ಮೈಯೊಳಗೇ ಉಳಿಯುತ್ತದೆ, ಕೆಲವರಿಗೆ ನಾಳದ ಉದ್ದಕ್ಕೂ ಕೆಂಪಾಗಿ ತುರಿಕೆ ಬರುತ್ತದೆ. ಅಂಟು, ಪ್ಲಾಸ್ಟರ್ ಅಲರ್ಜಿ ಇದ್ದವರು ಬೇಡವೆನ್ನಬೇಕು.

ಫೋಮ್ ಅಗ್ಗ, ಸರಳ. ಪಾಲಿಡೊಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಔಷಧವನ್ನು ಒಂದಕ್ಕೆ ನಾಲ್ಕು ಪಾಲು ಗಾಳಿಯೊಂದಿಗೆ ನೊರೆ ಮಾಡಿ ನಾಳಕ್ಕೆ ಬಿಡುತ್ತಾರೆ. ಒಂದು ಸಲಕ್ಕೆ 10 ಮಿ.ಲೀ. ದಾಟಬಾರದು. ಸುರುಳಿಯಾದ ನಾಳ, ಹಳೇ ಆಪರೇಷನ್ ನಂತರ ಉಳಿದ ನಾಳ, ಹುಣ್ಣಿನ ಅಡಿಯ ನಾಳ, ವಯಸ್ಸಾದವರು ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. ದಪ್ಪ ಜಿಎಸ್‌ವಿಗೆ ಮಾತ್ರ ಇದು ದುರ್ಬಲ. 2019ರಲ್ಲಿ ಬಂದ ಐದು ವರ್ಷದ ಬ್ರಿಟಿಷ್ ಅಧ್ಯಯನದಲ್ಲಿ ಲೇಸರ್ ಅಥವಾ ಆಪರೇಷನ್ ಆದವರ ಸ್ಥಿತಿ ಫೋಮ್ ಆದವರಿಗಿಂತ ಉತ್ತಮವಾಗಿತ್ತು. ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ತಲೆನೋವು, ಕಣ್ಣು ಮಂಜಾಗುವುದು ಕೆಲವರಲ್ಲಿ ಆಗಿ ಹೋಗುತ್ತದೆ.

ಹಳೇ ಆಪರೇಷನ್ನನ್ನು ಕೀಳಾಗಿ ಕಾಣಬೇಕಿಲ್ಲ. ಬೆನ್ನಿಗೆ ಸೂಜಿ ಕೊಟ್ಟು, ತೊಡೆಸಂದಿಯಲ್ಲಿ ನಾಳವನ್ನು ಬುಡದಲ್ಲೇ ಕಟ್ಟಿ, ಮೊಣಕಾಲಿನವರೆಗೆ ಎಳೆದು ತೆಗೆಯುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡಿನ ಮೇಲೆ ಆಗುವಂಥದ್ದು, ಸರಿಯಾಗಿ ಮಾಡಿದರೆ ಫಲಿತಾಂಶ ಲೇಸರಿಗೆ ಸಮೀಪ. ಗಾಯ ದೊಡ್ಡದು, ಕೆಲಸಕ್ಕೆ ಮರಳಲು ಎರಡು ಮೂರು ವಾರ ಬೇಕು. ಹರಡಿನವರೆಗೂ ಎಳೆದರೆ ಪಕ್ಕದ ನರಕ್ಕೆ ಪೆಟ್ಟಾಗಬಹುದು, "ಮೊಣಕಾಲಿಗೇ ನಿಲ್ಲಿಸ್ತೀರಿ ಅಲ್ರೀ?" ಅಂತ ಕೇಳಿಕೊಳ್ಳಿ. ಬುಡದಲ್ಲಿ ಕಟ್ಟಿ ನಾಳವನ್ನು ಹಾಗೇ ಬಿಟ್ಟರೆ ಮತ್ತೆ ಬರುವ ಸಂಭವ ಹೆಚ್ಚು.

ಯಾವ ವಿಧಾನವೇ ಆಗಲಿ, ಉಬ್ಬಿದ ಗಂಟುಗಳನ್ನು 2-3 ಮಿ.ಮೀ. ರಂಧ್ರಗಳಿಂದ ಕೊಕ್ಕೆ ಹಾಕಿ ತೆಗೆಯುವುದು ಬೇರೆ ಕೆಲಸ. ಅದಕ್ಕೆ ಮುಂಚೆ ನಿಮ್ಮನ್ನು ನಿಲ್ಲಿಸಿ ಮಾರ್ಕರಿನಿಂದ ಗುರುತು ಹಾಕಬೇಕು. ಮೇಜಿನ ಮೇಲೆ ಮಲಗಿದ ಮೇಲೆ ಗಂಟುಗಳು ಮಾಯವಾಗುತ್ತವೆ.

ಡಯೋಸ್ಮಿನ್ ಮಾತ್ರೆ ಭಾರ, ಬಾವು ಕಡಿಮೆ ಮಾಡಬಹುದು, ಕವಾಟ ರಿಪೇರಿ ಮಾಡುವುದಿಲ್ಲ. ಮುಲಾಮು, ಎಣ್ಣೆ, ಜಿಗಣೆ ಕೂಡ ಮಾಡುವುದಿಲ್ಲ. ಬಸುರಿಯಲ್ಲಿ ಉಬ್ಬಿದ ನಾಳ ಹೆರಿಗೆಯಾದ ಮೇಲೆ ಬಹಳಷ್ಟು ಇಳಿಯುತ್ತದೆ, ಬಾಣಂತನ ಮುಗಿದು ಮೂರು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿಸಿ ನಿರ್ಧರಿಸಿ.

ಬಿಸಿಲು ನಾಡಿನಲ್ಲಿ ಸ್ಟಾಕಿಂಗ್

ಕೊಂಡವರಲ್ಲಿ ಬಹಳ ಮಂದಿ ವಾರಕ್ಕೇ ಬಿಚ್ಚಿಡುತ್ತಾರೆ. ರಾಯಚೂರಿನ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ತೊಡೆಯವರೆಗಿನ ದಪ್ಪ ಕಾಲುಚೀಲ ಹಾಕು ಅಂದರೆ ಯಾರಿಗಾದರೂ ಕಷ್ಟವೇ. ಹೆಚ್ಚಿನವರಿಗೆ ಮೊಣಕಾಲಿನವರೆಗಿನದ್ದು ಸಾಕು, ಬೆರಳು ತೆರೆದದ್ದನ್ನು ಆರಿಸಿ. ಸಾಮಾನ್ಯವಾಗಿ ಬರೆಯುವುದು ಕ್ಲಾಸ್ 2, ಅಂದರೆ ಹರಡಿನಲ್ಲಿ 23ರಿಂದ 32 ಮಿ.ಮೀ. ಪಾದರಸದ ಒತ್ತಡ. ಬೆಳಿಗ್ಗೆ ಬಾವು ಏರುವ ಮುಂಚೆ ಹರಡಿನ ಅತಿ ಸಣ್ಣ ಭಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ, ಹಿಮ್ಮಡಿಯಿಂದ ಮೊಣಕಾಲಿನ ಮಡಿಕೆಯವರೆಗಿನ ಉದ್ದ ತೆಗೆದುಕೊಂಡು ಹೋಗಿ. ಎಸ್, ಎಂ, ಎಲ್ ಅಂದಾಜಿನಲ್ಲಿ ತಂದದ್ದು ಒಂದೋ ಜಾರುತ್ತದೆ, ಇಲ್ಲವೇ ಮೊಣಕಾಲಿನ ಕೆಳಗೆ ದಾರದಂತೆ ಕತ್ತರಿಸುತ್ತದೆ. ಮೇಲಂಚನ್ನು ಎಂದೂ ಮಡಚಬೇಡಿ.

ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿ, ರಾತ್ರಿ ಮಲಗುವಾಗ ತೆಗೆಯಿರಿ. ಕೊಬ್ಬರಿ ಎಣ್ಣೆ ರಾತ್ರಿ ಹಚ್ಚಿ, ಬೆಳಿಗ್ಗೆ ಹಚ್ಚಿದರೆ ಎಲಾಸ್ಟಿಕ್ ಹಾಳು. ಎರಡು ಜೊತೆ ಇರಲಿ, ದಿನಾ ಸಾದಾ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬೇಗ ಸಡಿಲವಾಗುತ್ತದೆ, ಆರು ತಿಂಗಳಿಗೆ ಹೊಸದು ಬೇಕು. ಭತ್ತದ ನಾಟಿಗೆ ಇಳಿಯುವವರು ಕೆಸರಿನಲ್ಲಿ ಒದ್ದೆಯಾದ ಸ್ಟಾಕಿಂಗಿನಲ್ಲೇ ದಿನ ಕಳೆಯಬಾರದು, ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ. ಕೆಲಸ ಮುಗಿಸಿ ಕಾಲು ತೊಳೆದು ಒರೆಸಿ ಹಾಕಿಕೊಳ್ಳಿ. ಜೀನ್ಸ್ ಘಟಕದಲ್ಲಿ, ಹೋಟೆಲ್ ಒಲೆಯ ಮುಂದೆ ನಿಲ್ಲುವವರು ಅರ್ಧ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ.

ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸೇದುವವರು, ವಯಸ್ಸಾದವರು ಸ್ಟಾಕಿಂಗ್ ಕೊಳ್ಳುವ ಮುಂಚೆ ಎಬಿಪಿಐ ಪರೀಕ್ಷೆ ಮಾಡಿಸಿ. ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಅಂಕಿ ಅದು. 0.8ಕ್ಕಿಂತ ಕಡಿಮೆ ಇದ್ದರೆ ತಜ್ಞರನ್ನು ಕೇಳದೆ ಬಿಗಿ ಸ್ಟಾಕಿಂಗ್ ಬೇಡ, 0.5ಕ್ಕಿಂತ ಕಡಿಮೆ ಇದ್ದರೆ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಅಂಕಿ 1.3 ದಾಟಿದರೆ ಅದನ್ನು ನಂಬುವ ಹಾಗಿಲ್ಲ.

ಹುಣ್ಣಾಗಿದ್ದರೆ

ಹರಡಿನ ಒಳಬದಿಯ ಹುಣ್ಣಿಗೆ ವರ್ಷಗಟ್ಟಲೆ ಕಾಂಪೌಂಡರ್ ಹತ್ತಿರ ದಿನಾ ಡ್ರೆಸ್ಸಿಂಗ್ ಮಾಡಿಸುವವರನ್ನು ನೋಡಿದರೆ ಸಂಕಟವಾಗುತ್ತದೆ. ಮುಲಾಮು ಬದಲಾಯಿಸಿದರೆ ಇದು ವಾಸಿಯಾಗುವುದಿಲ್ಲ. ಒಳಗಿನ ಒತ್ತಡ ಇಳಿಯಬೇಕು. ಅದಕ್ಕೆ ಪಾದದ ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಪದರ ಪದರವಾಗಿ ಸುತ್ತುವ ಒತ್ತುಪಟ್ಟಿ ಬೇಕು, ಜೊತೆಗೆ ಸೋರುವ ನಾಳ ಬೇಗ ಮುಚ್ಚಬೇಕು. 2018ರಲ್ಲಿ ಬಂದ ಎವ್ರಾ ಅಧ್ಯಯನದಲ್ಲಿ ಪಟ್ಟಿಯ ಜೊತೆಗೆ ಎರಡು ವಾರದೊಳಗೆ ನಾಳ ಮುಚ್ಚಿಸಿಕೊಂಡವರ ಹುಣ್ಣು ಮಧ್ಯಮ ಲೆಕ್ಕದಲ್ಲಿ 56 ದಿನಕ್ಕೆ ಮಾಯಿತು, ಮುಂದೂಡಿದವರದ್ದು 82 ದಿನಕ್ಕೆ. "ಹುಣ್ಣು ಒಣಗಲಿ, ಆಮೇಲೆ ಲೇಸರ್" ಅನ್ನುವ ಹಳೇ ಮಾತನ್ನು ಈಗ ಒಪ್ಪುವ ಹಾಗಿಲ್ಲ. ನಿಯೋಮೈಸಿನ್ ಇರುವ ಮುಲಾಮಿಗೆ ಈ ಚರ್ಮ ಬೇಗ ಅಲರ್ಜಿಯಾಗುತ್ತದೆ. ಜ್ವರ, ಸುತ್ತ ಕೆಂಪು, ಕೀವು ಇಲ್ಲದಿದ್ದರೆ ಆ್ಯಂಟಿಬಯೋಟಿಕ್ ಕೋರ್ಸ್‌ಗಳೂ ಬೇಡ. ಮೂರು ತಿಂಗಳ ಸರಿಯಾದ ಪಟ್ಟಿಗೂ ಜಗ್ಗದ, ಅಂಚು ಮೇಲೆದ್ದ ಹುಣ್ಣಿಗೆ ಬಯಾಪ್ಸಿ ಮಾಡಿಸಲೇಬೇಕು, ಹಳೇ ಹುಣ್ಣು ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತದೆ.

ಹಣ ಮತ್ತು ಕಾರ್ಡು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ತೆಗೆದುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ನಿಮ್ಮ ಡಾಕ್ಟರು ಬರೆದ ವಿಧಾನದ ಹೆಸರು ಹೇಳಿಯೇ ಕೇಳಿ. ಆಪರೇಷನ್ ಪ್ಯಾಕೇಜ್ ಬೇರೆ, ಲೇಸರ್ ಬೇರೆ. ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು, ಅಡ್ಮಿಟ್ ಆದ ಮೇಲೆ ಓಡಾಡಬೇಡಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ, ಕಾರ್ಖಾನೆಯವರು ಇಎಸ್‌ಐ ವಿಚಾರಿಸಿ. ಖಾಸಗಿ ವಿಮೆಯಲ್ಲಿ ವೆರಿಕೋಸ್‌ಗೆ ಎರಡು ವರ್ಷ ಕಾಯುವ ಷರತ್ತು ಸಾಮಾನ್ಯ, ಆರೋಗ್ಯ ಸಂಜೀವಿನಿ ಪಾಲಿಸಿಯ 24 ತಿಂಗಳ ಪಟ್ಟಿಯಲ್ಲಿ ಇದರ ಹೆಸರೇ ಇದೆ.

ಎಸ್ಟಿಮೇಟ್ ಬರಹದಲ್ಲಿ ತೆಗೆದುಕೊಳ್ಳಿ. ಒಂದು ಕಾಲಿಗೋ ಎರಡಕ್ಕೋ, ಗಂಟು ತೆಗೆಯುವುದು, ಸ್ಟಾಕಿಂಗ್, ನಂತರದ ಡಾಪ್ಲರ್ ಸೇರಿದೆಯೋ ಇಲ್ಲವೋ ನೋಡಿ. ಲೇಸರ್ ಫೈಬರ್, ರೇಡಿಯೋಫ್ರೀಕ್ವೆನ್ಸಿ ಕ್ಯಾಥೆಟರ್ ಒಂದು ಸಲಕ್ಕೆ ಮಾತ್ರ ಬಳಸುವಂಥವು. ಹೊಸದಕ್ಕೆ ದುಡ್ಡು ಕೊಟ್ಟಿದ್ದರೆ ಸೀಲ್ ಒಡೆಯುವುದನ್ನು ತೋರಿಸಲು ಕೇಳಿ, ಪ್ಯಾಕೆಟ್ಟಿನ ಸ್ಟಿಕರ್ ಕೇಸ್ ಶೀಟಿಗೆ ಅಂಟಿಸಲು ಹೇಳಿ. ಹೀಗೆ ಕೇಳುವುದು ನಿಮ್ಮ ಹಕ್ಕು.

ಮುಂಚಿನ ದಿನ, ನಂತರದ ದಿನಗಳು

ರಕ್ತ ತೆಳು ಮಾಡುವ ಮಾತ್ರೆ, ಗರ್ಭನಿರೋಧಕ ಮಾತ್ರೆ, ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿದ್ದು, ಔಷಧದ ಅಲರ್ಜಿ ಎಲ್ಲವನ್ನೂ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಲೇಸರ್, ರೇಡಿಯೋಫ್ರೀಕ್ವೆನ್ಸಿ, ಗ್ಲೂ ಆದವರು ಅವತ್ತೇ ನಡೆಯಬೇಕು. ಮನೆಗೆ ಹೋಗಿ ಎಂಟು ದಿನ ಮಲಗುವುದು ಹೆಪ್ಪಿಗೆ ದಾರಿ. ದಿನಕ್ಕೆ ಮೂರು ನಾಲ್ಕು ಸಲ ಹತ್ತಿಪ್ಪತ್ತು ನಿಮಿಷ ನಡೆಯಿರಿ. ಎರಡು ವಾರ ಚೀಲ ಹೊರುವುದು, ಕೊಡ ಎತ್ತುವುದು ಬೇಡ. ತೊಡೆಯ ಒಳಬದಿ ಕಂದುವುದು, ಮೊದಲ ಒಂದೆರಡು ವಾರ ಕಾಲು ಚಾಚಿದರೆ ಹಗ್ಗ ಎಳೆದಂತಾಗುವುದು ಸಹಜ. ತಿಕ್ಕಬೇಡಿ. ಬೆಂಗಳೂರು, ಹೈದರಾಬಾದಿನಲ್ಲಿ ಮಾಡಿಸಿದವರು ಅವತ್ತೇ ರಾತ್ರಿ ಬಸ್ ಹಿಡಿದು ಐದಾರು ಗಂಟೆ ಕಾಲು ಇಳಿಬಿಟ್ಟು ಕೂರುವುದು ಒಳ್ಳೆಯದಲ್ಲ. ಸಾಧ್ಯವಾದರೆ ಒಂದು ರಾತ್ರಿ ಉಳಿದು, ಹಗಲು ರೈಲಿನಲ್ಲಿ ಬನ್ನಿ. ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ, ಸ್ಟಾಕಿಂಗ್ ಹಾಕಿರಲಿ. ಒಂದು ವಾರದ ಡಾಪ್ಲರನ್ನು ನಿಮ್ಮ ಊರಿನಲ್ಲೇ ಮಾಡಿಸಿ ರಿಪೋರ್ಟಿನ ಫೋಟೋ ಕಳಿಸಬಹುದೇ ಅಂತ ಬಿಡುಗಡೆಗೆ ಮುಂಚೆ ಕೇಳಿಕೊಳ್ಳಿ.

ಫೈಲಿನಲ್ಲಿ ನಾಲ್ಕು ಕಾಗದ ಇರಲಿ: ಮೊದಲಿನ ಡಾಪ್ಲರ್, ಯಾವ ನಾಳವನ್ನು ಎಷ್ಟು ಸೆಂ.ಮೀ. ಮುಚ್ಚಲಾಯಿತು ಅಂತ ಬರೆದ ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ, ನಂತರದ ಡಾಪ್ಲರ್. ಮುಂದೆ ಹೊಸ ನಾಳ ಉಬ್ಬಿದರೆ ಅಥವಾ ಬೈಪಾಸ್ ಆಪರೇಷನ್ನಿಗೆ ಕಾಲಿನ ನಾಳ ಬೇಕಾದರೆ ಆ ವೈದ್ಯರು ಮೊದಲು ಕೇಳುವುದು ಇವನ್ನೇ.